ಮನೆಯಲ್ಲೇ ವಿಮಾನ ಕಟ್ಟಲು ಯಾವ ಫೋಮ್, ಯಾವ ರೆಸಿನ್?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಗಲ್ಫ್‌ನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಫೋಮ್ ಮತ್ತು ಫೈಬರ್‌ಗ್ಲಾಸಿನ ಎರಡು ಸೀಟಿನ ವಿಮಾನದ ನಕ್ಷೆ ನನ್ನ ಬಳಿ ಇದೆ. ರೆಕ್ಕೆಗೆ ನೀಲಿ ಫೋಮ್, ಒಡಲಿಗೆ ಪಿವಿಸಿ ಫೋಮ್ ಎಂದು ಅದರಲ್ಲಿದೆ. ಅಮೆರಿಕದಿಂದ ತರಿಸಿದರೆ ಫೋಮಿಗಿಂತ ಸಾಗಣೆಗೇ ಜಾಸ್ತಿ ಖರ್ಚು. ಮಂಗಳೂರಿನಲ್ಲಿ ಬೇಕಾದ ದಪ್ಪದ ಥರ್ಮಾಕೋಲ್ ಸಿಗುತ್ತದೆ. ಅದನ್ನೇ ಬಳಸಿ ಮೇಲೆ ಒಂದು ಪದರ ಜಾಸ್ತಿ ಹಾಕಿದರೆ ಸಾಲದೇ? ನನ್ನ ಭಾವ ಮಂಜೇಶ್ವರದಲ್ಲಿ ಫೈಬರ್ ದೋಣಿ ರಿಪೇರಿ ಮಾಡುತ್ತಾರೆ. ಅವರ ರೆಸಿನ್ ಮತ್ತು ಮ್ಯಾಟ್ ಆದೀತೇ? ಅಥವಾ ಎಲ್ಲ ಬಿಟ್ಟು ಕಾರ್ಬನ್ ಫೈಬರ್ ಹಾಕಿಬಿಡಲೇ? ಕೆಲಸ ಮಾಡುವ ಜಾಗ ನಮ್ಮ ಅಡಿಕೆ ಗೋಡೌನು. ನಮ್ಮ ಮಳೆಯಿಂದ ತೊಂದರೆ ಇದೆಯೇ? ಅಮ್ಮ ಅಂತೂ "ಥರ್ಮಾಕೋಲಿನಲ್ಲಿ ಕೂತು ಆಕಾಶಕ್ಕೆ ಹೋಗ್ತೀಯಾ" ಎಂದು ಅಳುತ್ತಾರೆ.

ಉತ್ತರ: ನಿಮ್ಮ ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ಹೆದರಿಕೆ ಸುಮ್ನೆ ಅಲ್ಲ. ಬೆರಳಲ್ಲಿ ಒತ್ತಿದರೆ ಕುಳಿ ಬೀಳುವ ವಸ್ತುವಿನಿಂದ ರೆಕ್ಕೆ ಮಾಡುತ್ತೇನೆ ಎಂದು ಮಗ ಹೇಳಿದರೆ ಯಾರಿಗಾದರೂ ಹೊಟ್ಟೆ ಕಿವುಚುತ್ತದೆ. ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬಿದ್ದ ಒಂದು ಅಡಿಕೆ ಮರ ತೋರಿಸಿ. ಹೊರಗೆ ಕಬ್ಬಿಣದಂಥ ನಾರು. ಒಳಗೆ ಮೆತ್ತನೆ ತಿರುಳು. ಹಿಂದಿನವರು ಆ ತಿರುಳನ್ನು ಕೆತ್ತಿ ತೆಗೆದೇ ನೀರು ಹರಿಸಲು ದಂಬೆ ಮಾಡುತ್ತಿದ್ದರು. ಐವತ್ತು ಅಡಿ ಎತ್ತರದ ಮರ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವುದು ಹೊರಗಿನ ಆ ಗಟ್ಟಿ ನಾರಿನಿಂದ. ಗಾಳಿಯಲ್ಲಿ ಬಾಗುವಾಗ ಒಂದು ಬದಿಯ ನಾರು ಎಳೆತ ತಡೆಯುತ್ತದೆ, ಇನ್ನೊಂದು ಬದಿಯದು ಒತ್ತಡ ತಡೆಯುತ್ತದೆ.

ನಿಮ್ಮ ರೆಕ್ಕೆಯೂ ಹೀಗೆಯೇ. ಭಾರ ಹೊರುವುದು ಗಾಜಿನ ನಾರು ಮತ್ತು ಎಪಾಕ್ಸಿ ಎಂಬ, ಗಟ್ಟಿಯಾಗುವ ಅಂಟು (ರೆಸಿನ್) ಸೇರಿದ ಚರ್ಮ. ಫೋಮಿನ ಕೆಲಸ ಎರಡು ಚರ್ಮಗಳನ್ನು ದೂರ ಇಡುವುದು, ಅವು ಒಂದರ ಮೇಲೊಂದು ಜಾರದಂತೆ ಹಿಡಿಯುವುದು, ಮೇಲಿನ ಚರ್ಮ ಸುಕ್ಕಾಗದಂತೆ ಅಡಿಯಿಂದ ಆಸರೆ ಕೊಡುವುದು. ಆ ದೂರಕ್ಕೆ ಎಷ್ಟು ಬೆಲೆ ಇದೆ ನೋಡಿ. ಒಂದು ಗಾಜಿನ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿದಿರಿ ಎಂದುಕೊಳ್ಳಿ. ನಡುವೆ ಫೋಮ್ ಇಟ್ಟು ಒಟ್ಟು ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗಿತ ಸುಮಾರು 7 ಪಟ್ಟಾಗುತ್ತದೆ. ನಾಲ್ಕು ಪಟ್ಟು ದಪ್ಪ ಮಾಡಿದರೆ 37 ಪಟ್ಟು. ತೂಕ ಮಾತ್ರ ಸ್ವಲ್ಪವೇ ಏರುತ್ತದೆ. ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ತಮ್ಮ ವ್ಯಾರಿ-ಈಝೀ ವಿಮಾನವನ್ನು 1975ರಲ್ಲಿ, ಲಾಂಗ್-ಈಝೀಯನ್ನು 1979ರಲ್ಲಿ ಹಾರಿಸಿದ್ದು ಈ ಲೆಕ್ಕವನ್ನು ನಂಬಿ. ಅಚ್ಚು ಬೇಡ. ಬಿಸಿ ತಂತಿಯಿಂದ ಫೋಮನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ಬಟ್ಟೆ ಹಾಸಿದರಾಯಿತು. ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರ ಹಂಸ ತರಬೇತಿ ವಿಮಾನದ ಒಡಲು, ರೆಕ್ಕೆ ಕೂಡ ಹೀಗೆ ನಾರು ಮತ್ತು ರೆಸಿನ್ ಸೇರಿದ ಕಾಂಪೋಸಿಟ್. 1993ರಿಂದ ಅದರ ಬೇರೆ ಬೇರೆ ಮಾದರಿಗಳು ಹಾರುತ್ತಿವೆ.

ಹಾಗಾದರೆ ಫೋಮ್ ಯಾವುದಾದರೂ ನಡೆಯುತ್ತದೆ ಅಲ್ವಾ? ಇಲ್ಲ. ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ನೀವು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿದ್ದೀರಿ. ಫೋಮ್ ಯಾವುದು, ರೆಸಿನ್ ಯಾವುದು, ಬಟ್ಟೆ ಯಾವುದು ಅಂತ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇದು ಮೂರು ಪ್ರಶ್ನೆಯಲ್ಲ. ಒಂದೇ. ಇವು ಒಂದು ಸಂಸಾರ. ಒಬ್ಬರನ್ನು ಬದಲಿಸಿದರೆ ಉಳಿದವರ ಜೊತೆ ಹೊಂದಾಣಿಕೆಯನ್ನು ಮೊದಲಿನಿಂದ ನೋಡಬೇಕು.

ಮೊದಲು ಥರ್ಮಾಕೋಲ್. ನೀಲಿ ಫೋಮೂ ಥರ್ಮಾಕೋಲೂ ಪಾಲಿಸ್ಟೈರೀನೇ. ಹಾಗಾಗಿ ಎರಡೂ ಒಂದೇ ಅನ್ನುವ ನಂಬಿಕೆ ಇದೆ. ರಾಸಾಯನಿಕ ಒಂದೇ ಆದರೂ ಹುಟ್ಟಿದ ರೀತಿ ಬೇರೆ. ಥರ್ಮಾಕೋಲ್ ಎಂದರೆ ಉಬ್ಬಿಸಿದ ಮಣಿಗಳನ್ನು ಹಬೆಯಲ್ಲಿ ಅಂಟಿಸಿದ್ದು. ಮಣಿಗಳ ನಡುವೆ ಸಂದು ಇರುತ್ತದೆ. ನೀಲಿ ಫೋಮಿಗೆ ಪಾಲಿಸ್ಟೈರೀನನ್ನು ಕರಗಿಸಿ, ಒಂದೇ ಮುದ್ದೆಯಾಗಿ ಹೊರಗೆ ತಳ್ಳಿ ಉಬ್ಬಿಸುತ್ತಾರೆ. ಅದರ ಕೋಶಗಳು ಮುಚ್ಚಿರುತ್ತವೆ. ಪ್ಯಾಕಿಂಗಿಗೆ ಬರುವಂಥ, ಘನಮೀಟರಿಗೆ 15 ಕಿಲೋ ತೂಗುವ ಥರ್ಮಾಕೋಲ್ ಸುಮಾರು 70 ಕಿಲೋಪಾಸ್ಕಲ್ ಒತ್ತಡಕ್ಕೇ ಕುಸಿಯುತ್ತದೆ. ನೀಲಿ ಫೋಮಿನಂತೆ ತಳ್ಳಿ ಉಬ್ಬಿಸಿದ ಒಳ್ಳೆಯ ಎಕ್ಸ್‌ಟ್ರೂಡೆಡ್ ಫೋಮ್ 170 ದಾಟಿದರೂ ನಿಲ್ಲುತ್ತದೆ. ರುಟಾನ್ ಪದ್ಧತಿಯ ರೆಕ್ಕೆಗೆ ಬಳಸುವ ನೀಲಿ ಫೋಮಿನ ತೂಕ ಘನಮೀಟರಿಗೆ 32 ಕಿಲೋದ ಆಸುಪಾಸು. ಇನ್ನೊಂದು ವಿಷಯ, ಥರ್ಮಾಕೋಲಿನ ಸಂದುಗಳಿಗೆ ರೆಸಿನ್ ಇಳಿಯುತ್ತದೆ. ನೀವು ಉಳಿಸಿದೆ ಎಂದುಕೊಂಡ ತೂಕ ರೆಸಿನ್ನಾಗಿ ವಾಪಸ್ ಬರುತ್ತದೆ. ಮೇಲೆ ಒಂದು ಪದರ ಜಾಸ್ತಿ ಹಾಕಿದರೆ ಅಡಿಯ ಫೋಮಿನ ಜಾರು ಬಲ ಹೆಚ್ಚುವುದಿಲ್ಲ. ಚಾಪೆ ದಪ್ಪ ಮಾಡಿದರೆ ಅಡಿಯ ಕೆಸರು ಗಟ್ಟಿಯಾಗುವುದಿಲ್ಲವಲ್ಲ. ಮೀನಿನ ಪೆಟ್ಟಿಗೆಗೆ ಥರ್ಮಾಕೋಲ್ ಬಹಳ ಒಳ್ಳೆಯ ವಸ್ತು. ರೆಕ್ಕೆಗೆ ಬೇಡ.

ನಮ್ಮ ದೇಶದಲ್ಲೂ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಸಿಗುತ್ತದೆ. ತಾರಸಿಗೆ ಬಿಸಿಲು ತಡೆಯಲು ಹಾಕುವ ಹಲಗೆಗಳು ಅವೇ. ಅವನ್ನು ಬಳಸಬಹುದೇ ಎಂದರೆ, ಎಚ್ಚರಿಕೆಯಿಂದ ಬಳಸಬಹುದು. ಎರಡು ತೊಡಕುಗಳಿವೆ. ಕಟ್ಟಡದ ಹಲಗೆಯ ಮೇಲೆ ನುಣುಪಾದ ಸಿಪ್ಪೆ ಇರುತ್ತದೆ. ಒಳಗಿನ ಕೋಶಗಳೂ ಬಹಳ ಸಣ್ಣವು. ವಿಮಾನದ ನೀಲಿ ಫೋಮಿನಲ್ಲಿ ಕೋಶ ದೊಡ್ಡದಿರುವುದು ಬೇಕೆಂದೇ. ರೆಸಿನ್ ಅವುಗಳೊಳಗೆ ಇಳಿದು ಬೇರು ಬಿಟ್ಟಂತೆ ಹಿಡಿಯುತ್ತದೆ. ನುಣುಪಾದ ಮೈಗೆ ಚರ್ಮ ಅಂಟಿದಂತೆ ಕಂಡರೂ ಸಿಪ್ಪೆ ಸುಲಿದ ಹಾಗೆ ಬಂದುಬಿಡಬಹುದು. ಎರಡನೆಯದು ದಪ್ಪ. ಹಲಗೆಗಳು ತೆಳು. ರೆಕ್ಕೆಗೆ ದಪ್ಪ ದಿಮ್ಮಿ ಬೇಕು. ಹಲಗೆಗಳನ್ನು ಅಂಟಿಸಿದರೆ ಬಿಸಿ ತಂತಿ ಅಂಟಿನ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಮೈ ಅಲೆಅಲೆಯಾಗುತ್ತದೆ. ಅಂಟು ತಂತಿಯ ದಾರಿಗೆ ಬರದ ಹಾಗೆ ತುಂಡುಗಳನ್ನು ಮೊದಲೇ ಯೋಚಿಸಿ ಜೋಡಿಸಬೇಕು.

ಪಿವಿಸಿ ಫೋಮಿನ ವಿಷಯದಲ್ಲಿ ನೀವು ಅದೃಷ್ಟವಂತರು. ಗಾಳಿಯಂತ್ರದ ರೆಕ್ಕೆಗಳಿಗೆ, ದೋಣಿಗಳಿಗೆ ಇದನ್ನು ಬಳಸುವುದರಿಂದ ನಮ್ಮಲ್ಲೂ ತರಿಸಿ ಮಾರುವವರಿದ್ದಾರೆ. ಡಿವಿನಿಸೆಲ್ ಎಂಬ ಹೆಸರು ನಿಮ್ಮ ನಕ್ಷೆಯಲ್ಲೇ ಇರಬಹುದು. ಎಚ್ 60 ಎಂದರೆ ಘನಮೀಟರಿಗೆ 60 ಕಿಲೋ, ಎಚ್ 80 ಎಂದರೆ 80. ಒಡಲಿನ ಬದಿಗಳಿಗೆ ಇದೇ ಸರಿ. ಬಿಸಿ ಮಾಡಿ ನಿಧಾನವಾಗಿ ಬಗ್ಗಿಸಬಹುದು. ಆದರೆ ಬಿಸಿ ತಂತಿಯಿಂದ ಕತ್ತರಿಸಲೇ ಬೇಡಿ. ಸುಟ್ಟರೆ ಆಮ್ಲದ ಹೊಗೆ ಬರುತ್ತದೆ. ಯುರೇಥೇನ್ ಫೋಮನ್ನೂ ಹಾಗೆಯೇ, ತಂತಿಗೆ ಕೊಡಬಾರದು. ಅದರ ಹೊಗೆಯಲ್ಲಿ ಸಯನೈಡ್ ಅನಿಲ ಇರುತ್ತದೆ. ಚಾಕು, ಗರಗಸ, ಉಜ್ಜುಕಾಗದ ಸಾಕು. ಯುರೇಥೇನ್ ಕೆತ್ತಲು ಬೆಣ್ಣೆಯಂತೆ, ಪೆಟ್ರೋಲಿಗೆ ಕರಗುವುದಿಲ್ಲ, ಆದರೆ ಪುಡಿಪುಡಿಯಾಗುವ ಸ್ವಭಾವ. ಪಾಲಿಸ್ಟೈರೀನನ್ನು ತಂತಿಯಲ್ಲಿ ಕತ್ತರಿಸುವಾಗಲೂ ಬಾಗಿಲು ತೆರೆದಿಡಿ. ಅವಸರ ಮಾಡಿದರೆ ತಂತಿಯ ನಡುಭಾಗ ಹಿಂದೆ ಉಳಿದು ರೆಕ್ಕೆಯ ಆಕಾರ ಕೆಡುತ್ತದೆ.

ಪೆಟ್ರೋಲ್ ಟ್ಯಾಂಕಿನ ಹತ್ತಿರ ಪಾಲಿಸ್ಟೈರೀನ್ ಬರಕೂಡದು. ಬಯಲಿನಲ್ಲಿ ಒಂದು ಚಮಚ ಪೆಟ್ರೋಲಿಗೆ ಚೂರು ಫೋಮ್ ಹಾಕಿ ನೋಡಿ, ಕಣ್ಣೆದುರೇ ಮಾಯವಾಗುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಅದು ಕೆಲವು ಎಪಾಕ್ಸಿಗಳನ್ನೂ ಮೆದುಗೊಳಿಸುತ್ತದೆ. ನೀರನ್ನೂ ಹೀರುತ್ತದೆ. ಟ್ಯಾಂಕಿಗೆ ಬಳಸುವ ಎಪಾಕ್ಸಿಯ ತುಂಡೊಂದನ್ನು ಅದೇ ಪೆಟ್ರೋಲಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಉಗುರು ಇಳಿಯುತ್ತದೋ ನೋಡದೆ ಮುಂದೆ ಹೋಗಬೇಡಿ.

ಇನ್ನು ನಿಮ್ಮ ಭಾವನ ರೆಸಿನ್. ದೋಣಿಗೆ ಬಳಸುವುದು ಪಾಲಿಯೆಸ್ಟರ್. ಅದರಲ್ಲಿ ಸ್ಟೈರೀನ್ ಎಂಬ ದ್ರಾವಕ ಇರುತ್ತದೆ. ಪಾಲಿಸ್ಟೈರೀನ್ ಫೋಮನ್ನು ಅದು ತಿಂದುಹಾಕುತ್ತದೆ. ವಿನೈಲ್ ಎಸ್ಟರ್ ರೆಸಿನ್ನಿನಲ್ಲೂ ಅದೇ ಸ್ಟೈರೀನ್. ಫೋಮಿಗೆ ಮೊದಲು ಬಣ್ಣ ಬಳಿದು, ಅದರ ಮೇಲೆ ಪಾಲಿಯೆಸ್ಟರ್ ಹಾಕಿದರೆ ಏನೂ ಆಗುವುದಿಲ್ಲ ಎನ್ನುವವರನ್ನು ನೀವು ಖಂಡಿತ ಭೇಟಿಯಾಗುತ್ತೀರಿ. ನಾನು ಹೊಸಬನಾಗಿದ್ದಾಗ ಒಂದು ಕಾರ್ಯಾಗಾರದಲ್ಲಿ ಹಾಗೆಯೇ ಮಾಡಿದೆವು. ಬಾಲದ ಒಂದು ಭಾಗಕ್ಕೆ ಎರಡು ಕೋಟು ಬಣ್ಣ ಹೊಡೆದು ಮೇಲೆ ಪಾಲಿಯೆಸ್ಟರ್ ಹಾಕಿದ್ದು ನಾನೇ. ಮರುದಿನ ನೋಡಿದರೆ ಮೇಲ್ಮೈ ಕನ್ನಡಿಯಂತಿತ್ತು. ಹಿರಿಯ ಕೆಲಸಗಾರರೊಬ್ಬರು ನಾಣ್ಯ ತೆಗೆದು ಟಕ್ ಟಕ್ ಎಂದು ತಟ್ಟುತ್ತಾ ಹೋದರು. ಒಂದು ಕಡೆ ಸದ್ದು ಬದಲಾಯಿತು. ಪೊಳ್ಳು ಸದ್ದು. ಕತ್ತರಿಸಿ ನೋಡಿದೆವು. ಸೂಜಿಮೊನೆಯಷ್ಟು ಬಣ್ಣ ಬಿಟ್ಟುಹೋದ ಜಾಗದಿಂದ ಸ್ಟೈರೀನ್ ಇಳಿದು, ಒಳಗೆ ಅಂಗೈಯಗಲದ ಗುಹೆ ಮಾಡಿತ್ತು. ಹೊರಗಿನಿಂದ ಒಂದು ಗೀರೂ ಇರಲಿಲ್ಲ. ಅಂದಿನಿಂದ ನನ್ನ ಜೇಬಿನಲ್ಲಿ ಒಂದು ನಾಣ್ಯ ಇದ್ದೇ ಇರುತ್ತದೆ.

ಹಾಗಾಗಿ ಎಪಾಕ್ಸಿ. ಅದರಲ್ಲೂ ಕೈಯಿಂದ ಬಳಿಯಲು ಮಾಡಿದ ತೆಳು ಎಪಾಕ್ಸಿ. ಕಾಲೇಜು ಪ್ರಾಜೆಕ್ಟುಗಳಲ್ಲಿ ಕಾಣುವ ಎಲ್‌ವೈ 556 ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಎಚ್‌ವೈ 951 ಹಾರ್ಡನರ್ ಜೋಡಿಯನ್ನು ತೂಕದಲ್ಲಿ ನೂರಕ್ಕೆ ಹತ್ತರಂತೆ ಬೆರೆಸುತ್ತಾರೆ. ಅದು ಜೇನಿನಂತೆ ದಪ್ಪ, ಬಟ್ಟೆ ನೆನೆಯುವುದು ನಿಧಾನ. ಎಲ್‌ವೈ 5052 ಮತ್ತು ಅದರ ಹಾರ್ಡನರ್ ನೂರಕ್ಕೆ 38. ಇದು ತೆಳು, ಕೆಲಸಕ್ಕೆ ಸಮಯ ಕೊಡುತ್ತದೆ. ಬಿಸಿಯಲ್ಲಿ ಹದ ಮಾಡಿದ ಮೇಲೆ ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಗಾಳಿಯಂತ್ರದವರ ಎಪಾಕ್ಸಿ ಅಗ್ಗಕ್ಕೆ ಸಿಕ್ಕಿತು ಎಂದು ತರಬೇಡಿ. ಅದು ನಿರ್ವಾತದಲ್ಲಿ ಎಳೆಸಲು ಮಾಡಿದ ನೀರಿನಂಥ ರೆಸಿನ್. ನಿಂತ ಮೈಮೇಲಿಂದ ಇಳಿದುಹೋಗುತ್ತದೆ.

ಅಳತೆಯ ಬಗ್ಗೆ ನಿಮಗೆ ವಿವರಿಸುವುದು ಸುಲಭ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತೀರಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತುತ್ತು ಜಾಸ್ತಿಯಾದರೆ ಕೊಳೆರೋಗ ಬೇಗ ಹೋಗುವುದಿಲ್ಲ, ಹಿಂಗಾರ ಸುಡುತ್ತದೆ. ಎಪಾಕ್ಸಿಯಲ್ಲೂ ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ. ಜೋಡಿ ಸಿಗದ ಹಾರ್ಡನರ್ ಒಳಗೇ ಉಳಿದು ಎಲ್ಲವೂ ಮೆದುವಾಗುತ್ತದೆ. ಪಾಲಿಯೆಸ್ಟರಿಗೆ ನಾಲ್ಕು ಹನಿ ಜಾಸ್ತಿ ಬಿಟ್ಟು ಅಭ್ಯಾಸವಾದ ದೋಣಿ ಕೆಲಸದವರು ಇಲ್ಲಿ ಎಡವುತ್ತಾರೆ. ಗ್ರಾಮು ತೋರಿಸುವ ತಕ್ಕಡಿ ಇಲ್ಲದೆ ಡಬ್ಬ ತೆರೆಯಬೇಡಿ.

ದೋಣಿಯ ಮ್ಯಾಟ್ ಕೂಡ ಬೇಡ. ಅದರ ತುಂಡುನಾರುಗಳನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಸ್ಟೈರೀನಿನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಅದು ಕರಗುವುದಿಲ್ಲ, ನಾರು ಸರಿಯಾಗಿ ನೆನೆಯುವುದಿಲ್ಲ. ನಾರು ದಿಕ್ಕಾಪಾಲಾಗಿರುವುದರಿಂದ ರೆಸಿನ್ನನ್ನು ವಿಪರೀತ ಕುಡಿಯುತ್ತದೆ. ನಿಮಗೆ ಬೇಕಾದದ್ದು ಇ-ಗ್ಲಾಸ್ ಎಂಬ ಸಾಮಾನ್ಯ ಗಾಜುನಾರಿನಿಂದ ನೇಯ್ದ ಬಟ್ಟೆ. ನಾರುಗಳು ಒಂದೇ ದಿಕ್ಕಿಗೆ ಓಡುವ ಬಟ್ಟೆ ರೆಕ್ಕೆಯ ಉದ್ದಕ್ಕೆ. ಎರಡು ದಿಕ್ಕಿನದು 45 ಡಿಗ್ರಿ ಓರೆಯಾಗಿ, ತಿರುಚುವಿಕೆ ತಡೆಯಲು. ಕೊಳ್ಳುವಾಗ ಎಪಾಕ್ಸಿಗೆ ಹೊಂದುವ ಲೇಪನ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ತಂದ ಸುರುಳಿಯನ್ನು ಅಡುಗೆಮನೆಯ ಅಟ್ಟದಲ್ಲಿ ಇಡಬೇಡಿ. ಅಲ್ಲಿ ಬೆಚ್ಚಗೆ ಇರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಕೂರುತ್ತದೆ.

ಕಾರ್ಬನ್ ಬಗ್ಗೆ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಾರಿನ ಲೆಕ್ಕದಲ್ಲಿ ಸಾಮಾನ್ಯ ಕಾರ್ಬನ್ ಗಾಜಿಗಿಂತ ಮೂರು ಪಟ್ಟು ಬಿಗಿ, ತೂಕವೂ ಕಡಿಮೆ. ಆದರೆ ಗಾಜಿಗೆಂದು ಬರೆದ ನಕ್ಷೆಯಲ್ಲಿ ಒಂದು ಪಟ್ಟಿ ಕಾರ್ಬನ್ ಸೇರಿಸಿದರೆ ಏನಾಗುತ್ತದೆ? ಬಿಗಿಯಾದದ್ದು ಭಾರವನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಗಾಜು ಇನ್ನೂ ಹಿಗ್ಗುತ್ತಿರುವಾಗಲೇ ಕಾರ್ಬನ್ ಪಟ್ ಎಂದು ಹೋಗುತ್ತದೆ. ಆಮೇಲೆ ಆ ಭಾರ ಒಮ್ಮೆಲೇ ಗಾಜಿನ ಮೇಲೆ. ಅಲ್ಯೂಮಿನಿಯಂ ತಾಗಿದ ಕಡೆ ಉಪ್ಪುಗಾಳಿಯಲ್ಲಿ ಲೋಹ ಕೊರೆಯುತ್ತದೆ. ಕಡಲು ನಿಮಗೆಷ್ಟು ದೂರ ಹೇಳಿ. ನನ್ನ ಮಟ್ಟಿಗೆ ದೊಡ್ಡ ಕಾರಣ ಇನ್ನೊಂದು. ಗಾಜಿನ ಚರ್ಮ ಪಾರದರ್ಶಕ. ಗಾಳಿಗುಳ್ಳೆ, ಒಣಗಿದ ಜಾಗ ಎಲ್ಲ ಬೆಳ್ಳಗೆ ಕಾಣುತ್ತದೆ. ಮೊದಲ ಬಾರಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಗುರು ಇಲ್ಲ. ಕಪ್ಪು ಕಾರ್ಬನ್ ತಪ್ಪನ್ನು ಮುಚ್ಚಿಡುತ್ತದೆ.

ಈಗ ಮಳೆ. ನಿಮ್ಮ ನಿಜವಾದ ಎದುರಾಳಿ ಫೋಮಲ್ಲ, ಇದೇ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಎಪಾಕ್ಸಿಯ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡನ್ನು ಹಿಡಿದು ಮೇಲ್ಮೈಗೆ ಮೇಣದಂಥ ಪೊರೆ ತರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದು, ಬೆರಳಿಗೆ ಜಿಡ್ಡು. ಅದರ ಮೇಲೆ ಮುಂದಿನ ಪದರ ಹಾಕಿದರೆ ಎರಡು ಪದರಗಳ ನಡುವೆ ಸಾಬೂನು ಹಚ್ಚಿದಂತೆ. ಪೊರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ಕಾಗದದಿಂದ ಉಜ್ಜಬೇಕು. ಮೊದಲೇ ಉಜ್ಜಿದರೆ ಜಿಡ್ಡು ಒಳಗೆ ಸೇರುತ್ತದೆ. ಪದರ ಹಸಿ ಇರುವಾಗಲೇ ಮೇಲೆ ಪೀಲ್ ಪ್ಲೈ ಬಟ್ಟೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತರೆ ಈ ತಲೆನೋವಿನ ಹೆಚ್ಚಿನ ಪಾಲು ಅದರೊಂದಿಗೇ ಹೋಗುತ್ತದೆ.

ಗೋಡೌನಿನ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಕೋಣೆ ಮಾಡಿ. ತೇವ ತೆಗೆಯುವ ಯಂತ್ರ ಒಂದು, ತೇವ ತೋರಿಸುವ ಮಾಪಕ ಒಂದು ಬೇಕೇ ಬೇಕು. 25 ಡಿಗ್ರಿಯ ಆಸುಪಾಸು, ತೇವ ಶೇಕಡಾ 60ರ ಒಳಗೆ ಬಂದರೆ ಮಾತ್ರ ಬಟ್ಟೆ ಹಾಸಿ. ನಾನು ನಿಮ್ಮ ಜಾಗದಲ್ಲಿದ್ದರೆ ಮೇ ಕೊನೆಯ ಪತ್ತನಾಜೆಯಿಂದ ದಸರೆಯವರೆಗೆ ಬಟ್ಟೆ ಹಾಸುವ ಕೆಲಸ ಮುಟ್ಟುವುದೇ ಇಲ್ಲ. ಆ ತಿಂಗಳುಗಳಲ್ಲಿ ಲೋಹದ ಕೆಲಸ, ಫೋಮ್ ಕತ್ತರಿಸುವ ಟೆಂಪ್ಲೇಟು, ಎಂಜಿನ್ ತಯಾರಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ರೆಕ್ಕೆ. ಏಪ್ರಿಲಿನ ಸೆಕೆಗೆ ಬೇರೆಯದೇ ಅಪಾಯ ಇದೆ. ಬಿಸಿ 10 ಡಿಗ್ರಿ ಏರಿದರೆ ರೆಸಿನ್ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧ. ದೊಡ್ಡ ಲೋಟದಲ್ಲಿ ಕಲಸಿಟ್ಟರೆ ಹೊಗೆ ಏಳುತ್ತದೆ. ಸಣ್ಣ ಸಣ್ಣ ಪಾಲು ಮಾಡಿ ಕಲಸಿ.

ಬಣ್ಣ ಬಿಳಿಯೇ ಇರಲಿ. ಬಿಸಿ ಕೊಡದೆ ಗಟ್ಟಿಯಾದ ಎಪಾಕ್ಸಿ 60 ಡಿಗ್ರಿಯ ಆಸುಪಾಸಿನಲ್ಲೇ ಸೋಲಲು ಶುರು ಮಾಡಬಹುದು. ಗಾಢ ಬಣ್ಣದ ರೆಕ್ಕೆ ನಮ್ಮ ಬಿಸಿಲಿನಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ. ಫೈಬರ್ ಗ್ಲೈಡರುಗಳ ಬಲವನ್ನು 54 ಡಿಗ್ರಿಯಲ್ಲಿ ಪರೀಕ್ಷಿಸುವ ಕ್ರಮ ಇದೆ, ಅದೂ ಬಿಳಿ ಬಣ್ಣದವನ್ನು. ಎಪಾಕ್ಸಿ ಗಟ್ಟಿಯಾದ ಮೇಲೆ ಬಿಸಿ ಕೊಟ್ಟು ಹದ ಮಾಡುವುದು ಒಳ್ಳೆಯದು. ಆದರೆ ಪಾಲಿಸ್ಟೈರೀನ್ ಫೋಮೇ 75 ಡಿಗ್ರಿಗೆ ಮೆದುವಾಗುವುದರಿಂದ 60ಕ್ಕೆ ನಿಲ್ಲಿಸಿ. ನಿಮ್ಮಲ್ಲಿ ಅಡಿಕೆ ಒಣಗಿಸುವ ಸೋಲಾರ್ ಮನೆ ಇದ್ದರೆ, ಸಣ್ಣ ಭಾಗಗಳಿಗೆ ಅದೇ ಸಾಕಾದೀತು. ಮೇಲೆ ಕೆಳಗೆ ಎರಡು ಕಡೆ ಉಷ್ಣಮಾಪಕ ಇಟ್ಟು ನೋಡಿ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ನಕ್ಷೆಯಲ್ಲಿ ಇರುವುದನ್ನೇ ಹೊರಗಿನಿಂದ ತರಿಸುವುದು. ದುಬಾರಿ, ಆದರೆ ನಕ್ಷೆ ಬರೆದವರ ಲೆಕ್ಕ ಹಾಗೇ ಉಳಿಯುತ್ತದೆ. ಅಥವಾ ರೆಕ್ಕೆಯ ನೀಲಿ ದಿಮ್ಮಿ ಮಾತ್ರ ತರಿಸಿ, ಪಿವಿಸಿ ಫೋಮ್, ಗಾಜಿನ ಬಟ್ಟೆ, ಎಪಾಕ್ಸಿಯನ್ನು ಇಲ್ಲಿಂದಲೇ ಕೊಳ್ಳುವುದು. ಖರ್ಚು ಇಳಿಯುತ್ತದೆ. ಬಟ್ಟೆಯ ತೂಕ, ನೇಯ್ಗೆ ನಕ್ಷೆಗೆ ಸರಿಹೊಂದುತ್ತದೆಂದು ಪರೀಕ್ಷಿಸುವ ಹೊಣೆ ನಿಮ್ಮದಾಗುತ್ತದೆ. ಎಲ್ಲವನ್ನೂ ಇಲ್ಲಿಯದೇ ಬಳಸಿದರೆ ನೀವು ಕಟ್ಟುವವರಷ್ಟೇ ಅಲ್ಲ, ವಿನ್ಯಾಸಕಾರರೂ ಆಗುತ್ತೀರಿ. ಅದಕ್ಕೆ ಲೆಕ್ಕ ಬಲ್ಲ ಎಂಜಿನಿಯರ್ ಜೊತೆಗಿರಬೇಕು. ನಾನು ನಿಮಗೆ ಹೇಳುವುದು ನಡುವಿನ ದಾರಿ. ಯಾವ ದಾರಿಯಾದರೂ, ಮೊದಲ ದಿಮ್ಮಿ ಕತ್ತರಿಸುವ ಮೊದಲೇ ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ಜೊತೆ ಮಾತು ಶುರುವಾಗಲಿ. ಮುಂಬೈಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯಲ್ಲಿ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಗುವ ಮುನ್ನ ವರ್ಷಗಟ್ಟಲೆ ಓಡಾಡಿದರು. ಪ್ರತಿ ಡಬ್ಬದ ಬ್ಯಾಚ್ ನಂಬರ್, ಪ್ರತಿ ದಿನದ ಬಿಸಿ ಮತ್ತು ತೇವ ಒಂದು ಪುಸ್ತಕದಲ್ಲಿ ಬರೆದಿಡಿ.

ಕೈಗೆ ನೈಟ್ರೈಲ್ ಗವಸು ಹಾಕದೆ ಎಪಾಕ್ಸಿ ಮುಟ್ಟಬೇಡಿ, ಕೈಯನ್ನು ಥಿನ್ನರಿನಲ್ಲಿ ತೊಳೆಯಬೇಡಿ. ನನ್ನ ಜೊತೆಗಿದ್ದ ಒಳ್ಳೆಯ ಕೆಲಸಗಾರರೊಬ್ಬರು ಅಲರ್ಜಿ ಹತ್ತಿ ಈ ಕೆಲಸವನ್ನೇ ಬಿಡಬೇಕಾಯಿತು. ಒಮ್ಮೆ ಹತ್ತಿದರೆ ಅದು ಹೋಗುವುದಿಲ್ಲ.

ಈಗಲೇ ವಿಮಾನ ಶುರು ಮಾಡಬೇಡಿ. ಎರಡಡಿ ಉದ್ದದ ರೆಕ್ಕೆಯ ತುಂಡು ಮಾಡಿ. ಜೊತೆಗೆ ಅಂಗೈಯಗಲದ ನಾಲ್ಕು ಮಾದರಿ ಹಲಗೆ, ಎರಡನ್ನು ಒಣದಿನದಲ್ಲಿ, ಎರಡನ್ನು ಮಳೆದಿನದಲ್ಲಿ. ವಾರ ಬಿಟ್ಟು ಚರ್ಮವನ್ನು ಕಿತ್ತು ನೋಡಿ. ಚರ್ಮದ ಜೊತೆ ಫೋಮೂ ಹರಿದು ಬಂದರೆ ಅಂಟು ಗೆದ್ದಿದೆ. ಚರ್ಮ ಬೋಳಾಗಿ ಬಂದರೆ ಸೋತಿದೆ. ಫೋಮ್ ಇಲ್ಲದ ಒಂದು ಬರೀ ಚರ್ಮದ ತುಂಡನ್ನು ತೂಗಿ, ಎಂಜಿನಿಯರಿಂಗ್ ಕಾಲೇಜಿನ ಕುಲುಮೆಯಲ್ಲಿ 565 ಡಿಗ್ರಿಗೆ ಸುಡಿಸಿ. ರೆಸಿನ್ ಹೋಗಿ ಗಾಜು ಉಳಿಯುತ್ತದೆ. ಅದು ಮೊದಲ ತೂಕದ ಶೇಕಡಾ 60ಕ್ಕಿಂತ ಕಡಿಮೆ ಇದ್ದರೆ ನೀವು ರೆಸಿನ್ ಜಾಸ್ತಿ ಕುಡಿಸಿದ್ದೀರಿ. ರೆಕ್ಕೆಯ ತುಂಡನ್ನು ಎರಡು ಕೆಂಪುಕಲ್ಲುಗಳ ಮೇಲಿಟ್ಟು ಮರಳಿನ ಚೀಲ ಒಂದೊಂದಾಗಿ ಹೇರಿ, ಮುರಿಯುವವರೆಗೂ. ಆವಾಗ ಅಮ್ಮನನ್ನೂ ಕರೆಯಿರಿ. ಎಷ್ಟನೇ ಚೀಲಕ್ಕೆ ಸದ್ದು ಬಂತು, ಎಲ್ಲಿ ಬಿರಿಯಿತು, ಚರ್ಮ ಸುಕ್ಕಾಯಿತೋ ಫೋಮ್ ಸೀಳಿತೋ ಬರೆದು, ಫೋಟೋ ಸಮೇತ ನನಗೆ ಕಳಿಸಿ. ಫೋಮ್ ತರಿಸುವ ಮಾತನ್ನು ಅದನ್ನು ನೋಡಿದ ಮೇಲೆ ಆಡೋಣ.